ಪಡಿಯಚ್ಚು

ಶಿರಾಳಕೊಪ್ಪದ ಬಸ್ಸು ತಾರಗುಂಡಿ ಕ್ರಾಸಿನಲ್ಲಿ
ನಿಂತ ಹಾಗೆ ಮಾಡಿ ನಿಲ್ಲದೆ ಹೋಯಿತು.
ಇಳಿದೆನೋ ಬಿದ್ದೆನೋ, ಅಂತೂ ನೆಲದ ಮೇಲಿದ್ದೆ.
ಹೆಗಲಿಗೆ ಕಾಗದದ ಸುರುಳಿ, ಕೈಯಲ್ಲಿ ಮಸಿಯ ಡಬ್ಬ,
ಜೇಬಿನಲ್ಲಿ ಇಲಾಖೆಯ ಚೀಟಿ:
'ವಿಹಾರದ ದಿಬ್ಬ. ಶಾಸನ ಒಂದು. ಅಚ್ಚು ಒಂದು ಪ್ರತಿ.'

ವಿಹಾರ ಅಂದರೆ ಯಾರಿಗೂ ಹೊಳೆಯಲಿಲ್ಲ.
'ಪಾರ್ಕು ಶಿಕಾರಿಪುರದಾಗೈತಿ' ಅಂದ ಪಂಕ್ಚರ್ ಅಂಗಡಿಯವ.
ಹಳೇ ಇಟ್ಟಿಗೆ, ಬರೆದ ಕಲ್ಲು, ಕೂತ ಹೆಣ್ಣುದೇವರು
ಎಂದು ಬಿಡಿಸಿ ಬಿಡಿಸಿ ಹೇಳಿದ ಮೇಲೆ
'ಓ, ತಾರವ್ವನ ಕಟ್ಟೆ!' ಅಂತ
ಜಬೀವುಲ್ಲಾ ಎಂಬ ಹುಡುಗ
ಸೈಕಲ್ಲನ್ನು ಅಲ್ಲೇ ಒರಗಿಸಿ ಮುಂದೆ ನಡೆದ.

ಭಿಕ್ಷುಗಳು ಮಲಗಿ ಎದ್ದ ಜಗಲಿಯ ಮೇಲೆ
ಗೋವಿನಜೋಳ ಬಿಸಿಲಿಗೆ ಮಗ್ಗುಲು ಬದಲಿಸುತ್ತಿತ್ತು.
ಕಾಲಿನಿಂದ ಅದನ್ನು ಕೆದರುತ್ತ ಹಾಲವ್ವ
'ಕಾಳು ತುಳೀಬ್ಯಾಡ್ರೀ' ಅಂದಳು, ನನ್ನ ಮುಖ ನೋಡದೆ.
ಬಳಸಿ ಹೋದೆ.
ಪ್ರದಕ್ಷಿಣೆ ಅದೇ ಆಯಿತು.

ಕಲ್ಲು ತೊಳೆದೆ. ಹುಡುಗ ಬೋರ್‌ವೆಲ್ಲಿನಿಂದ
ಮೂರು ಕೊಡ ನೀರು ತಂದ.
ಹಾವಸೆ ಹೋಯಿತು, ಹಕ್ಕಿಯ ಹಿಕ್ಕೆ ಹೋಯಿತು,
ಯಾರೋ ಬಳಿದ ಸುಣ್ಣ ಹೋಗಲು ತುಸು ಹಟ ಮಾಡಿತು.
ಒದ್ದೆ ಕಾಗದ ಹೊದಿಸಿ ಬ್ರಷ್ಷಿನಿಂದ ತಟ್ಟಿದೆ,
ಜ್ವರದ ಮಗುವನ್ನು ತಟ್ಟಿದ ಹಾಗೆ,
ಕಾಗದ ಹರಿಯಬಾರದು, ಅಕ್ಷರ ಏಳಬೇಕು.

ಎದ್ದವು:
…ಭಗವತಿಯ ನಂದಾದೀವಿಗೆಗೆ ಗಾಣವೊಂದು…
…ಭಿಕ್ಷುಗಳಾಹಾರದಾನಕ್ಕೆ ಬಿಟ್ಟ ಗದ್ದೆ ಮತ್ತ…
ಮತ್ತರು ಎಷ್ಟು ಎಂಬಲ್ಲಿಗೆ ಸಾಲು ಮುಗಿದು
ಓರೆ ಓರೆ ಗೀರುಗಳು, ಉದ್ದುದ್ದ, ಒತ್ತೊತ್ತಾಗಿ.
ಮಸಿ ಒತ್ತಿದರೆ ಅವೂ ಬೆಳ್ಳಗೆ ನಿಂತವು
ಅಕ್ಷರಗಳ ಪಕ್ಕ, ಅಕ್ಷರಗಳಷ್ಟೇ ಗಂಭೀರವಾಗಿ.

'ಅದು ಕುಡುಗೋಲು ಮಸೆದದ್ದು' ಅಂದಳು ಹಾಲವ್ವ.
'ನಮ್ಮತ್ತಿ ಮಸೀತಿದ್ಲು. ಅವರತ್ತಿ. ಈ ಸಣ್ಣದು ನಂದು,
ಬಂದ ವರ್ಷದ್ದು. ಕೈ ತಿರುಗಿರಲಿಲ್ಲ.'
ಬೆರಳಿಟ್ಟು ತೋರಿಸಿದಳು. ಬೆರಳೂ ಕಪ್ಪಾಯಿತು.
ಸಾಹೇಬರು ಇದನ್ನು ಕಂಡರೆ
ಕಂಸದಲ್ಲಿ 'ತ್ರುಟಿತ' ಎಂದು ಬರೆಯುತ್ತಾರೆ.
ನನಗೆ ಓದಲು ಬರುವುದಿಲ್ಲ ಇಂಥದ್ದೆಲ್ಲ.
ಆದರೂ ಆ ಗದ್ದೆಯನ್ನು ಕೊಯ್ದವರ ಸಹಿ
ಬಿಟ್ಟವರ ಸಹಿಗಿಂತ ಆಳವಾಗಿತ್ತು.

ಮಸಿ ಆರುವವರೆಗೆ ಅವಳ ಎದುರು ಕೂತೆ.
ಮೂಗು ಸವೆದಿದೆ. ಒಂದು ಕಾಲು ಇಳಿಬಿಟ್ಟಿದ್ದಾಳೆ,
ಈಗಲೋ ಆಗಲೋ ಏಳುವವಳ ಹಾಗೆ.
ಬಲಗೈ ಮೊಣಕಾಲ ಮೇಲೆ, ಅಂಗೈ ಹೊರಗೆ:
ಕೊಡುವ ಕೈ ಅದು, ನನಗೆ ಗೊತ್ತು.
ಊರಿಗೆ ಅದು ಕೇಳುವ ಕೈ.
ಅದಕ್ಕೇ ಅದರಲ್ಲಿ ಎರಡು ರೂಪಾಯಿ, ಹಸಿರು ಬಳೆಯ ಚೂರು,
ಅರ್ಧ ಸೇದಿದ ಬೀಡಿ, ನಾಲ್ಕು ಜೋಳದ ಕಾಳು.

ದಾಟಿಸುವವಳು ಎಂದಿತ್ತಂತೆ ಹೆಸರಿಗೆ ಅರ್ಥ.
ಇಲ್ಲಿ ಅದು ಬಾಯಿಂದ ಬಾಯಿಗೆ ದಾಟುತ್ತ
ಎಮ್ಮೆಗೆ ಹಾಲು ತಾರವ್ವ,
ಹುಡುಗಿಗೆ ಹಾಸ್ಟೆಲ್ ಸೀಟು ತಾರವ್ವ,
ಹೋದ ಗಂಡನ ಸುದ್ದಿಯನ್ನಾದರೂ ತಾರವ್ವ.
ದಡ ಕಾಣಿಸುತ್ತಿದ್ದವಳ ಕೈಗೆ
ದಿನಾ ಒಂದು ಸಂತೆಚೀಟಿ.
ಅವಳು ಬೇಸರ ಮಾಡಿಕೊಂಡ ಹಾಗಿಲ್ಲ.

'ನೀವೇನು ಕೇಳ್ತೀರಿ?' ಅಂದ ಜಬೀವುಲ್ಲಾ.
'ನೀನು?'
'ನಾನು ಕೇಳಂಗಿಲ್ಲ. ನೀರು ಹಾಕ್ತೀನಿ ಅಷ್ಟೆ.'

ಕಾಗದ ಬಿಡಿಸಿದೆ. ಕಲ್ಲು ಅದನ್ನು
ಒಂದು ಗಳಿಗೆ ಹಿಡಿದುಕೊಂಡು ಬಿಟ್ಟಿತು.
ಹೊರಡುವಾಗ, ಯಾಕೆ ಅಂತ ಕೇಳಬೇಡಿ,
ಆ ಅಂಗೈಯಲ್ಲಿ ನನ್ನ ಅಂಗೈ ಇಟ್ಟೆ.
ಕಾದಿತ್ತು ಕಲ್ಲು, ಮಾಘದ ಬಿಸಿಲಿಗೆ.
ತೆಗೆದರೆ ಐದು ಬೆರಳು ಕಪ್ಪಗೆ ಅಲ್ಲೇ.
ಶಿಲ್ಪಕ್ಕೆ ಮಸಿ ತಾಗಿಸಬಾರದೆಂದು ನಿಯಮವಿದೆ.
ನೀರಿತ್ತು, ಬಟ್ಟೆಯಿತ್ತು, ಹೊತ್ತೂ ಇತ್ತು.
ಒರೆಸಲಿಲ್ಲ.

ಸಂಜೆಯ ಬಸ್ಸು ತುಂಬಿತ್ತು.
ಮೊಣಕಾಲ ನಡುವೆ ಸುರುಳಿ ನಿಲ್ಲಿಸಿಕೊಂಡಿದ್ದೆ.
'ಇದೇನ್ರೀ, ಲಗೇಜಾ?' ಅಂದ ಕಂಡಕ್ಟರು.
'ಕಾಗದ' ಅಂದೆ.
'ಕಾಗದ ಇಷ್ಟು ಜ್ವಾಪಾನ ಮಾಡ್ತಾರೇನು?'
ನಂಬದೆ ಅಂಚನ್ನು ಹಿಚುಕಿ ನೋಡಿದ.
ಆಮೇಲೆ ಊರೂರು ದಾಟುವವರೆಗೆ
ಹರಿದ ಪ್ರತಿ ಟಿಕೆಟ್ಟಿನ ಮೇಲೂ
ಅವನ ಹೆಬ್ಬೆರಳು.