ಬಾಕಿ ಅರವತ್ತು ರೂಪಾಯಿ

ಹಸನಬ್ಬನ ಮೀನಿನ ಲಾರಿಯಲ್ಲಿ
ಶಿರಾಡಿ ಘಾಟಿ ಹತ್ತಿ ಬಂದದ್ದು ಅದು:
ಬಂಗುಡೆ ಕ್ರೇಟಿನ ತಳದಲ್ಲಿ, ಐಸು ಕರಗಿದ ಮೇಲೆ,
ಕಾಲು ಮೂಡಿದ ಒಂದು ಶಂಖ.
"ಸನ್ಯಾಸಿ ಏಡಿ," ಅಂದ.
"ತಿನ್ನೋಕೂ ಬರಲ್ಲ, ಮಾರೋಕೂ ಬರಲ್ಲ,
ಮಗಳಿಗೆ ಇಟ್ಕೊ ಮಾರಾಯ."

ಸನ್ಯಾಸಿಗೆ ಮನೆ ಕಟ್ಟುವ ಕೆಲಸ
ಹಾಸನದ ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ
ಫೋಟೋಗೆ ಕಟ್ಟು ಹಾಕುವ ನನ್ನ ಪಾಲಿಗೆ ಬಂತು.

ಒಡೆದ ಶೋಕೇಸಿನ ಗಾಜು. ಐದು ತುಂಡು.
ಗೀರಿ, ತಟ್ಟಿ, ಸಿಲಿಕಾನು ಹಚ್ಚಿ
ರಾತ್ರಿಯಿಡೀ ಸೈಕಲ್ ಟ್ಯೂಬು ಬಿಗಿದಿಟ್ಟೆ.
ದೇವರಿಗೆ, ಸತ್ತವರಿಗೆ, ಮದುವೆಯಾದವರಿಗೆ
ಮುಂದೊಂದು ಗಾಜು ಸಾಕು;
ಓಡಾಡುವುದಕ್ಕೆ ಐದೂ ಬೇಕು.

ಎದುರು ಕಟ್ಟಡದ ಮೇಸ್ತ್ರಿ
ಎಂ ಸ್ಯಾಂಡು ಎಷ್ಟು ಬೇಕಾದರೂ ಒಯ್ಯಿ ಅಂದ.
ಹೊಳೆ ಮರಳು ಅಂದೊಡನೆ
ಚಿನ್ನ ಕೇಳಿದವನನ್ನು ನೋಡುವಂತೆ ನೋಡಿ
ಎರಡೇ ಬಾಂಡ್ಲಿ ಕೊಟ್ಟ.
ಇಂಪನಾ ಅದನ್ನು ಏಳು ಸಲ ತೊಳೆದಳು,
ಅವಳಮ್ಮ ಹುಡುಕುತ್ತಿದ್ದ ಜರಡಿಯಲ್ಲಿ.
ನಲ್ಲಿ ನೀರು ಬಕೆಟ್ಟಿನಲ್ಲಿ ಒಂದು ರಾತ್ರಿ, ಔಷಧಿ ವಾಸನೆ ಹೋಗಲಿಕ್ಕೆ.
ಪುಡಿ ಉಪ್ಪಲ್ಲ, ಕಲ್ಲುಪ್ಪು.
ಮಾಗಿ ಚಳಿಗೆ ಕೋಳಿಮರಿ ಸಾಕುವವರ ಬಲ್ಬು.

ಅಲಂಕಾರ ಅವಳದ್ದು.
ಬಾಯಿ ಕೊರೆದ ಕರಟ, ಹತ್ತಲಿಕ್ಕೆ ತೆಂಗಿನ ಹಗ್ಗ,
ಗೊಂಬೆ ಹಬ್ಬದ ಪೆಟ್ಟಿಗೆಯಿಂದ ಒಂದು ಪ್ಲಾಸ್ಟಿಕ್ ಮರ.
ಶಂಖಕ್ಕೆ ಚಮಕಿ ಅಂಟಿಸುತ್ತೇನೆಂದು ಹಟ.
ಬೇಡ, ಉದುರಿದರೆ ಹೊಟ್ಟೆಗೆ ಹೋಗತ್ತೆ ಅಂದೆ.
ಮುನಿಸಿಕೊಂಡು ಗಾಜಿನ ಹೊರಗೆಲ್ಲ ಅಂಟಿಸಿದಳು.

ಬೆಳೆದಂತೆ ಬದಲಾಯಿಸಲು ಬೇರೆ ಶಂಖ ಬೇಕಂತೆ.
ಸಮುದ್ರವಿಲ್ಲದ ಊರಲ್ಲಿ ಎಲ್ಲಿಂದ ತರಲಿ?
ಅರೇಹಳ್ಳಿ ಎಸ್ಟೇಟಿನ ರೈಟರ್ ಜಯಶೀಲ
ಬಿಸ್ಕತ್ ಡಬ್ಬಿಯಲ್ಲಿ ತಂದುಕೊಟ್ಟ,
ಕಾಫಿ ಗಿಡ ಮುಕ್ಕುವ ಆಫ್ರಿಕಾದ ಬಸವನಹುಳದ ಚಿಪ್ಪು.
ಮೂಟೆಗಟ್ಟಲೆ ಹೆಕ್ಕಿಸಿ ಉಪ್ಪು ಸುರಿದು ಕೊಲ್ಲುತ್ತಾರೆ.
ಉಪ್ಪಿನಲ್ಲಿ ಸತ್ತವರ ಮನೆ
ಉಪ್ಪಿನಿಂದ ಬಂದವನಿಗೆ.
ಕುದಿಸಿ, ಬ್ರಷ್ಷಿನಲ್ಲಿ ಉಜ್ಜಿ, ಸಾಲಾಗಿ ಇಟ್ಟೆವು.

ಹಿಂದಿನ ಗೋಡೆ ಬೋಳಾಗಿತ್ತು.
ಅಟ್ಟದ ಮೇಲೆ, ಯಾರೂ ಒಯ್ಯದ ಫೋಟೋಗಳ ಕಟ್ಟಿನಲ್ಲಿ
ಒಂದು ಕಡಲತೀರ.
ಪಾದ ಮುಳುಗುವಷ್ಟು ನೀರಲ್ಲಿ ನಾಲ್ಕು ಜನ;
ಚಪ್ಪಲಿ ಕೈಯಲ್ಲಿ ಹಿಡಿದ ಗಂಡಸು,
ಕಣ್ಣು ಮುಚ್ಚಿಹೋದ ಹುಡುಗಿ.
ಹಿಂದೆ ನನ್ನದೇ ಅಕ್ಷರ: ಬಾಕಿ ಅರವತ್ತು.
ಹನ್ನೆರಡು ವರ್ಷದ ಮೇಲೆ ಯಾರು ಕೇಳುತ್ತಾರೆ?
ಒರಗಿಸಿಟ್ಟೆ.

ಮೊದಲ ರಾತ್ರಿ ಮರ ಬೀಳಿಸಿತು, ನೀರಿನ ಬಟ್ಟಲು ಮಗುಚಿತು,
ಚಿಪ್ಪುಗಳ ಸಾಲು ಚೆಲ್ಲಾಪಿಲ್ಲಿ.
ಆಮೇಲೆ ಆ ನಾಲ್ವರ ಕಾಲಿನ ಹತ್ತಿರ ನಿಂತು
ಗಾಜು ಕೆರೆಯಿತು.
ಟಿಕ್. ಟಿಕ್.
ಮೂರನೆಯ ದಿನ ಮರಳು ತೋಡಿಕೊಂಡು
ಇಳಿದೇಹೋಯಿತು.

ಅಗೆಯಬೇಡ, ಪೊರೆ ಬಿಡುತ್ತಿರುತ್ತೆ, ಅಂದೆ.
"ಹಾಸನಾಂಬೆ ಬಾಗಿಲ ಹಾಗಾ?"
"ಹೂಂ."
"ಒಳಗೆ ದೀಪ ಇರತ್ತಾ?"
ನಾನು ಬಲ್ಬು ಸರಿಮಾಡಿದೆ.

ಮರ ಎತ್ತಿ ನಿಲ್ಲಿಸಿದಳು. ಬಟ್ಟಲು ತುಂಬಿದಳು.
ಯಾರೂ ಇಲ್ಲದ ಮನೆಗೆ ದಿನವೂ ಸೌತೆಕಾಯಿ ಚೂರು.

ನಲವತ್ತೊಂದನೆಯ ದಿನ ಒಬ್ಬ ಹೆಂಗಸು ಬಂದರು.
ಕೈಯಲ್ಲಿ ಹಳದಿಗಟ್ಟಿದ ನನ್ನ ರಸೀದಿ.
"ಮನೆ ಬದಲಾಯಿಸುವಾಗ ಸಿಕ್ಕಿತು. ಇದೆಯಾ?"
ಹತ್ತರ ಆರು ನೋಟು ಮೇಜಿನ ಮೇಲೆ.

ತೇವಕ್ಕೆ ಸಮುದ್ರದ ಅಂಚು ಉಬ್ಬಿಹೋಗಿತ್ತು.
ತಪ್ಪಾಯಿತು ಅನ್ನಲು ಬಾಯಿ ತೆರೆಯುವಷ್ಟರಲ್ಲಿ
ಅವರು ತೊಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು,
ಬ್ಯಾಗು ಹೆಗಲಲ್ಲೇ.
"ಅಪ್ಪ ಚಪ್ಪಲಿ ಕೈಲಿ ಹಿಡಿದಿದ್ದಾರೆ," ಅಂದರು.
"ಮರೆತೇಹೋಗಿತ್ತು."
ಸ್ವಲ್ಪ ಹೊತ್ತಿನ ಮೇಲೆ,
"ಇದರಲ್ಲಿ ಏನಿದೆ?"
"ಏಡಿ," ಇಂಪನಾ ಅಂದಳು. "ಕೆಳಗಿದೆ."
"ಯಾವಾಗ ಬರತ್ತೆ?"

ಉತ್ತರ ನಮಗೂ ಗೊತ್ತಿರಲಿಲ್ಲ.
ಸ್ಟೂಲು ಎಳೆದುಕೊಟ್ಟೆ.
ಇಂಪನಾ ಸ್ಪ್ರೇ ಬಾಟಲಿ ಕೈಗಿತ್ತು
ಎರಡೇ ಸಲ ಒತ್ತಬೇಕು ಅಂದಳು.

ಅವರು ಮೂರು ಸಲ ಒತ್ತಿದರು.