ಠುಸ್ ಪಟಾಕಿ

ಬಲಿಪಾಡ್ಯಮಿಯ ಮಾರನೇ ಬೆಳಗು, ಐದೂವರೆ.
ನಂಜುಮಳಿಗೆ ಸರ್ಕಲ್ಲಿನಿಂದ ಅಗ್ರಹಾರದವರೆಗೆ
ಬೀದಿಯೆಲ್ಲ ಕೆಂಪು.
ರಾತ್ರಿ ನಾಲ್ಕು ಹನಿ ಬಿದ್ದದ್ದೇ ಸಾಕಾಗಿ
ಕಾಗದ ಬಣ್ಣ ಬಿಟ್ಟಿದೆ,
ಟಾರಿನ ಮೇಲೆ ಯಾರೋ ಕುಂಕುಮದ ಕೈ ತೊಳೆದ ಹಾಗೆ.
ನೋಡುವವರಿಗೆ ಚಂದ.
ಗುಡಿಸುವವರಿಗೆ ಗೊತ್ತು,
ಒಣಕಸ ಪೊರಕೆಯ ಮಾತು ಕೇಳುತ್ತದೆ,
ನೆಂದದ್ದು ಕೇಳುವುದಿಲ್ಲ.

ಮೂರು ವಾರದ ಹಿಂದೆ ಇದೇ ಪೊರಕೆ
ಸಯ್ಯಾಜಿರಾವ್ ರಸ್ತೆಯಲ್ಲಿತ್ತು.
ಸೇವಂತಿಗೆ, ಕಡ್ಲೆಕಾಯಿ ಸಿಪ್ಪೆ, ಜೊತೆ ತಪ್ಪಿದ ಚಪ್ಪಲಿ,
ಇನ್ನೂ ಆರದ ಆನೆ ಲದ್ದಿ.
ತೋಪು ಹಾರಿಸಿದ್ದು ನನಗೆ ಕಾಣಲಿಲ್ಲ,
ಎದೆಗೆ ಗುದ್ದಿದ್ದು ಮಾತ್ರ ಗೊತ್ತಾಯಿತು.
ಇಪ್ಪತ್ತೊಂದರಲ್ಲಿ ಹದಿನಾಲ್ಕು ಎಣಿಸಿ
ಲೆಕ್ಕ ತಪ್ಪಿಸಿಕೊಂಡೆ.
ಅರಮನೆ ಹಬ್ಬ ಗುಡಿಸುವುದು ಸುಲಭ, ಒಂದೇ ದಾರಿ.
ಇದು ಮನೆಗೊಂದು ಹಬ್ಬ,
ಮನೆ ಮುಂದೊಂದು ಗುಡ್ಡೆ.

ಗುಡ್ಡೆ ನೋಡಿ ಮನೆ ಹೇಳಬಲ್ಲೆ.
ಹತ್ತು ಸಾವಿರದ ಸರ ಸುಟ್ಟವರು ಗೇಟು ತೆರೆಯುವುದಿಲ್ಲ.
ಎರಡು ಭೂಚಕ್ರ, ಒಂದು ಹೂಕುಂಡ,
ಬಕೆಟ್ಟಿನ ನೀರಲ್ಲಿ ಅದ್ದಿಟ್ಟ ಸುರ್‌ಸುರ್‌ಬತ್ತಿ ಕಡ್ಡಿ:
ಮೇಷ್ಟ್ರ ಮನೆ. ಕಾಫಿ ಕೊಡುತ್ತಾರೆ, ಪೇಪರ್ ಲೋಟದಲ್ಲಿ.
ಆ ಲೋಟವನ್ನೂ ನಾನೇ ಗುಡಿಸುತ್ತೇನೆ.
ಮೂರನೇ ಕ್ರಾಸಿನಲ್ಲಿ ಒಂದು ಬೋಳು ಅಂಗಳ,
ಈ ವರ್ಷ ಸಾವಾದ ಮನೆ.
ಅಲ್ಲಿಯೂ ಎರಡು ಸಲ ಪೊರಕೆ ಆಡಿಸಿದೆ,
ಸುಮ್ಮನೆ.

ಇನ್ನೊಂದು ಗುಟ್ಟಿದೆ.
ಗುಡ್ಡೆಯೊಳಗೆ ಬತ್ತಿ ಉರಿದೂ ಸಿಡಿಯದವು ಇರುತ್ತವೆ,
ಅಳ್ಳೆದೆಯವು, ಠುಸ್ಸಾದವು.
ಅವು ನನ್ನ ಸೆರಗಿನ ಗಂಟಿಗೆ.
ಸೂಪರ್‌ವೈಸರ್ ಪುಟ್ಟಮಾದಪ್ಪ ನೋಡಿಯೂ ನೋಡದ ಹಾಗೆ
ಹಾಜರಿ ಪುಸ್ತಕ ತಿರುವುತ್ತಾನೆ.
ನಮ್ಮ ಕಾಲೋನಿಯಲ್ಲಿ ದೀಪಾವಳಿ ಒಂದು ದಿನ ತಡ.
ಅವ್ವನ ಸೆರಗಿನ ಕಾಲದಿಂದಲೂ ಹೀಗೇ.
ಮಕ್ಕಳು ಅವುಗಳ ಹೊಟ್ಟೆ ಸೀಳಿ
ಬೂದು ಮದ್ದನ್ನು ಕಾಗದಕ್ಕೆ ಸುರಿದು ಕಡ್ಡಿ ಗೀರಿದರೆ
ಬುಸ್ಸೆಂದು ಬೆಳಕು, ಢಂ ಎನ್ನುವುದಿಲ್ಲ.
ಸುತ್ತ ಕೂತವರ ಮುಖ ಒಂದು ಸಲ ಬಂದು ಹೋಗುತ್ತದೆ.
ನನ್ನ ತಮ್ಮ ಸಿದ್ದರಾಜುವಿನ ಹುಬ್ಬು ಹಾಗೇ ಹೋದದ್ದು,
ಒಂದೇ ಹುಬ್ಬು.
ಮದುವೆ ಫೋಟೋಗೆ ಕಾಡಿಗೆಯಲ್ಲಿ ಬರೆದರು.

ಈ ಸಲ ಒಂದು ಆನೆ ಪಟಾಕಿ
ಕೈಯಲ್ಲೇ ಸುರುಳಿ ಬಿಚ್ಚಿಕೊಂಡಿತು.
ಒಳಗೆ ಗೆರೆ ಹಾಳೆ, ಯಾವುದೋ ಮಗುವಿನ ಲೆಕ್ಕದ ಪುಸ್ತಕದ್ದು.
ಅಕ್ಷರ ತಮಿಳು, ನನಗೆ ಬಾರದು.
ಅಂಕಿ ಬರುತ್ತದೆ.
ಏಳೆಂಟ್ಲ ಐವತ್ನಾಲ್ಕು ಎಂದು ಬರೆದು
ಪಕ್ಕಕ್ಕೆ ಕೆಂಪು ಶಾಯಿಯ ಇಂಟು ಗುರುತು.
ಅಂಚು ಸುಟ್ಟಿತ್ತು,
ತಪ್ಪು ಸುಟ್ಟಿರಲಿಲ್ಲ.

ಸಂಜೆ ಎದುರುಮನೆ ಪೊನ್ನುತಾಯಿಗೆ ತೋರಿಸಿದೆ.
ಓದುವ ಮೊದಲು ಮೂಸಿದಳು.
‘ಅಂಟು ಅದೇ’ ಅಂದಳು.
ಹತ್ತು ವರ್ಷದವಳಿದ್ದಾಗ ದಿನಕ್ಕೆ ಇಷ್ಟು ಸುತ್ತುತ್ತಿದ್ದೆ ಎಂದು
ಎರಡೂ ಕೈ ಅಗಲಿಸಿದಳು, ಅಲ್ಲಿಗೇ ಬಿಟ್ಟಳು;
ಇಷ್ಟು ಅಂದರೆ ಎಷ್ಟೆಂದು ನಾನೂ ಕೇಳಲಿಲ್ಲ.
‘ಹಬ್ಬದ ದಿನ ಏನು ಮಾಡ್ತಿದ್ರಿ?’
‘ನಿದ್ದೆ.’
ಆಮೇಲೆ ಹಾಳೆಯನ್ನು ದೂರ ಹಿಡಿದು
ಮೂಲೆಯಲ್ಲಿದ್ದದ್ದನ್ನು ಕೂಡಿಸಿ ಕೂಡಿಸಿ ಓದಿದಳು:
‘ಮಾರೀಸ್ವರಿ. ಐದನೇ ಕ್ಲಾಸು. ಬಿ ಸೆಕ್ಷನ್ನು.’

ಮಕ್ಕಳು ಮದ್ದು ಸುರಿಯಲು ಕಾಗದ ಕೇಳಿಕೊಂಡು ಬಂದವು.
ಅದಲ್ಲ, ಎಂದೆ. ನಿನ್ನೆಯ ಪೇಪರು ಕೊಟ್ಟೆ.
ಕಡ್ಡಿ ಗೀರಿದರು.
ಬುಸ್ಸೆಂದ ಆ ಒಂದು ಬೆಳಕಿನಲ್ಲಿ
ಪೊನ್ನುತಾಯಿ ಮಕ್ಕಳನ್ನೇ ನೋಡುತ್ತಿದ್ದಳು;
ಮಡಿಲಲ್ಲಿ ಅವಳ ಬೆರಳು
ತಮ್ಮಷ್ಟಕ್ಕೆ ತಾವೇ
ಹಾಳೆಯನ್ನು ಬಿಗಿಯಾಗಿ
ಸುರುಳಿ ಸುತ್ತುತ್ತಿದ್ದವು.