ಉತ್ತರಾರ್ಧ

ಡೆನ್ಜಿಲ್ ಪಾಸ್ಕೋ, ಎಪ್ಪತ್ತೆಂಟು.
ಮೂವತ್ತು ವರ್ಷ ಈ ಬೆಟ್ಟದ ಹೊಟ್ಟೆಯಲ್ಲಿ ಕಲ್ಲಿದ್ದಲು ಅಗೆದವನು.
ಅವನ ಕಿವಿಯ ನಕ್ಷೆ ನನ್ನ ಕಂಪ್ಯೂಟರಿನಲ್ಲಿದೆ:
ಸಮತಟ್ಟಾಗಿ ನಡೆದು ಬಂದ ಗೆರೆ
ಮೂರು ಸಾವಿರದ ಹತ್ತಿರ ಕಾಲು ಜಾರಿ
ಸೀದಾ ಪ್ರಪಾತಕ್ಕೆ.

ಕಿವಿಗೊಡು ಅಂದರೆ ಕೇಳು ಎಂದರ್ಥ ನಮ್ಮಲ್ಲಿ.
ನನಗದು ಹೊಟ್ಟೆಪಾಡು.
ವುಲನ್‌ಗಾಂಗಿನಲ್ಲಿ, ಔಷಧದಂಗಡಿಯ ಮಹಡಿಯಲ್ಲಿ,
ದಿನಕ್ಕೆ ಆರೇಳು ಮಂದಿಗೆ ಕಿವಿ ಕೊಟ್ಟು ಕಳಿಸುತ್ತೇನೆ.

"ಮೆಷೀನು ಚೆನ್ನಾಗಿದೆ" ಅಂದ ಮೊನ್ನೆ.
"ಫ್ರಿಜ್ಜು ಕೇಳುತ್ತದೆ, ಪಕ್ಕದ ಮನೆಯ ಜಗಳ ಕೇಳುತ್ತದೆ,
ಹಾಳು ಚಾಟಿಹಕ್ಕಿಯ ಜವಾಬು ಮಾತ್ರ ಇಲ್ಲ.
ಒಂದು ಸಲ ಕಾಡಿಗೇ ಬಂದು ಪರೀಕ್ಷೆ ಮಾಡು."

ಹಾಗಾಗಿ ಈ ಭಾನುವಾರ ಕೀರಾ ಬೆಟ್ಟದ ಸುತ್ತುದಾರಿ,
ಪ್ಯಾಂಟನ್ನು ಸಾಕ್ಸಿನೊಳಗೆ ತುರುಕಿ. ಜಿಗಣೆ.
ಅವನ ಹೆಂಡತಿ ಎನಿಡ್‌ಗೆ ಮಂಡಿನೋವು,
ಕೆಳಗೆ ಕಾರಿನಲ್ಲಿ ಪದಬಂಧ ಬಿಡಿಸುತ್ತ ಕೂತಿದ್ದಾಳೆ.

ಗಂಡುಹಕ್ಕಿ ಸಿಳ್ಳೊಂದನ್ನು ದಾರದ ಹಾಗೆ ಎಳೆಯುತ್ತದೆ,
ಎಳೆದು ಎಳೆದು
ಛಟೀರ್!
ನೀವು ಉಸಿರು ಬಿಡುವುದರೊಳಗೆ ಯಾವುದೋ ಪೊದೆಯಿಂದ ಹೆಣ್ಣು,
ಮೆತ್ತಗೆ, ಚ್ಯೂ ಚ್ಯೂ.
ಅರಿಯದವರಿಗೆ ಒಂದೇ ಹಕ್ಕಿ, ಒಂದೇ ಕೂಗು.

ಅಲ್ಲಿ ಜರಿಗಿಡ ಅಲುಗಿತು.
ಕಣ್ಣು ಅಲ್ಲಿಗೆ ಹೋದರೆ ಸದ್ದು ಇಲ್ಲಿ,
ಸದ್ದಿನ ಬೆನ್ನು ಹತ್ತಿದರೆ ಬಳ್ಳಿಯ ಸಿಕ್ಕು.
ಹಸಿರು ಮಬ್ಬಿನ ಮೈ, ಕೆನ್ನೆಗೆ ಬಿಳಿ, ತಲೆಗೆ ಜುಟ್ಟು:
ಇದೆಲ್ಲ ಪುಸ್ತಕದಲ್ಲಿ. ಕಾಡಿನಲ್ಲಿರುವುದು
ತರಗೆಲೆ ಕೆದರುವ ಶಬ್ದ,
ನಾವು ನಿಂತರೆ ಅದೂ ನಿಲ್ಲುತ್ತದೆ.

ಛಟೀರ್!
ನನಗೆ ಪೂರ್ತಿ ಕೇಳಿತು. ತಿರುಗಿದರೆ
ಅವನು ಕಾಡು ನೋಡುತ್ತಿಲ್ಲ, ನನ್ನ ಮುಖ ನೋಡುತ್ತಿದ್ದಾನೆ.
"ಈಗ ಬಂತಲ್ಲ? ನಿನ್ನ ಹುಬ್ಬು ಎದ್ದಿತು."

ಮೆಷೀನಿನ ಮಟ್ಟ ಏರಿಸಿದೆ. ಗಾಳಿ ಜೋರಾಯಿತಂತೆ,
ಅವನದೇ ಜಾಕೆಟ್ಟು ಜೋರಾಯಿತಂತೆ. ಅವಳಲ್ಲ.
ಮೂರನೆಯ ಸಲ ನಾನು ಮುಖವನ್ನು ಕಲ್ಲು ಮಾಡಿಕೊಂಡೆ,
ಪರೀಕ್ಷೆಯ ಕೋಣೆಯಲ್ಲಿ ಮಾಡುವ ಹಾಗೆ.
ಚ್ಯೂ ಚ್ಯೂ ಬಂದು ಹೋಯಿತು.
"ಛೆ," ಅಂದ, "ಈ ಸಲ ಅವಳು ಸುಮ್ಮನಾದಳು."
ಯಾರದ್ದೋ ಜೇಬಿಗೆ ಕೈ ಹಾಕಿದಂತಾಯಿತು ನನಗೆ.

ಆಮೇಲೆ ಬಂದದ್ದು ಲೈರ್‌ಹಕ್ಕಿಯೂ ಇರಬಹುದು.
ಗಂಡ ಹೆಂಡತಿ ಇಬ್ಬರ ಪಾಲನ್ನೂ ಒಂದೇ ಗಂಟಲಲ್ಲಿ
ಹೇಳಿಬಿಡುತ್ತದೆ ಅದು. ಅದನ್ನೂ ಕಾಣಲಿಲ್ಲ.

ಇಳಿಯುವಾಗ ತಾನಾಗಿ ಹೇಳಿದ:
"ಕೇಳಿತಾ ಡೆನ್, ಅವಳು ಉತ್ತರ ಕೊಟ್ಟಳು, ಅನ್ನುತ್ತಿದ್ದಳು ಎನಿಡ್.
ನಲವತ್ತು ವರ್ಷ ಹೂಂ ಅಂದಿದ್ದೇನೆ."

ಕಾರಿನ ಗಾಜು ಇಳಿಯಿತು. "ಕೇಳಿತಾ?"
ಅವನು ಬೂಟು ನೋಡಿಕೊಂಡ. "ಇಲ್ಲ. ಯಾವತ್ತೂ ಕೇಳಿಲ್ಲ."
"ಗೊತ್ತು" ಅಂದಳು, ಪೆನ್ಸಿಲು ಎತ್ತದೆ,
ಅವನಿಗೆ ಕೇಳಲಾರದಷ್ಟು ಮೆತ್ತಗೆ.

ನಾನು ಸಾಕ್ಸು ಬಿಚ್ಚಿದೆ. ಜಿಗಣೆ ಉಂಡು ಉದುರಿತ್ತು.